ಪಿಸಾನಾ ನುಂಗಿದ ಕೆಂಪು ದಾರ

ಮಾರ್ಚ್ ಒಂದರ ಬೆಳಿಗ್ಗೆ ಪೆಂಕಾ ಅಜ್ಜಿ ಕೆಂಪು, ಬಿಳಿ ಉಣ್ಣೆ ನೂಲು ಹೊಸೆದು ಮಾರ್ತೆನಿತ್ಸ ಮಾಡಿದಳು. ಮೊಮ್ಮಗಳು ರಾಲಿಯ ಮಣಿಕಟ್ಟಿಗೆ ಒಂದು, ಮೇಕೆಮರಿಗೆ ಒಂದು, ಒಲೆಯ ಪಕ್ಕ ಮೂರು ಮರಿಗಳಿಗೆ ಹಾಲೂಡಿಸುತ್ತಿದ್ದ ಬೆಕ್ಕು ಪಿಸಾನಾದ ಕೊರಳಿಗೂ ಹಲವು ಸುತ್ತು ಬರುವ ಉದ್ದನೆಯದೊಂದು. ಯಾರ ದೃಷ್ಟಿಯೂ ತಾಗದೆ ವರ್ಷವೆಲ್ಲ ಗಟ್ಟಿಮುಟ್ಟಾಗಿರಲಿ ಎಂಬ ಆಸೆ. ಬಲ್ಗೇರಿಯಾದ ಆ ಹಳ್ಳಿಯಲ್ಲಿ ಎಲ್ಲರೂ ಕಟ್ಟುವ ದಾರವೇ ಅದು.

ಕೆಲವೇ ದಿನಗಳಲ್ಲಿ ಬೆಕ್ಕಿನ ಕೊರಳು ಬರಿದಾಗಿತ್ತು. ಪಿಸಾನಾ ಊಟ ಬಿಟ್ಟಿತು, ನೊರೆ ಕಾರಿತು, ಮರಿಗಳು ಹತ್ತಿರ ಬಂದರೆ ಗುರುಗುಟ್ಟಿತು. "ಕೂದಲುಂಡೆ ಸಿಕ್ಕೊಂಡಿರ್ಬೇಕು, ನಾಳೆ ಸರಿಹೋಗತ್ತೆ" ಎಂದು ಅಜ್ಜಿ ಅದರ ಬಾಯಿಗೆ ಸೂರ್ಯಕಾಂತಿ ಎಣ್ಣೆ ಹುಯ್ದಳು. ಮಾರನೆಯ ದಿನ ಬಾಲದಡಿಯಲ್ಲಿ ದಾರ ನೇತಾಡುತ್ತಿತ್ತು.

ಪಕ್ಕದ ಮನೆಯ ವೆಲಿಕಾ ಮೊಸರಿನ ಪಾತ್ರೆ ವಾಪಸ್ ಕೊಡಲು ಬಂದಾಗ ಅಜ್ಜಿ ಆ ದಾರವನ್ನು ಬೆರಳಿಗೆ ಸುತ್ತಿಕೊಂಡು ಎಳೆಯುತ್ತಿದ್ದಳು.

"ಅಯ್ಯೋ ಪೆಂಕಕ್ಕಾ, ಬಿಡು! ಎಳೀಬೇಡ!"

"ಸುಮ್ನಿರೇ. ಅರ್ಧ ಬಂದಿದೆ, ಇನ್ನರ್ಧ ಬರಲ್ವಾ? ಊರಿನ ಅರ್ಧ ಮೇಕೆಗಳ ಹೆರಿಗೆ ಮಾಡಿಸಿದ ಕೈ ಕಣೇ ಇದು."

"ಇದು ಹೆರಿಗೆ ಅಲ್ಲ ಕಣಕ್ಕಾ! ನಮ್ಮನೆ ಬೆಕ್ಕು ಹೊಲಿಗೆ ದಾರ ನುಂಗಿದಾಗ ಡಾಕ್ಟ್ರು ಹೇಳಿದ್ರು. ಆಚೆ ತುದಿ ಒಳಗೆ ಎಲ್ಲಿ ಸಿಕ್ಕೊಂಡಿರತ್ತೋ ಗೊತ್ತಾಗಲ್ಲ, ಎಳೆದ್ರೆ ಕರುಳೇ ಕುಯ್ದು ಹೋಗತ್ತಂತೆ."

"ಉಣ್ಣೆ ದಾರ ಕರುಳು ಕುಯ್ಯತ್ತಾ? ನಿಂಗೆ ಕೆಮ್ಮಿದ್ರೂ ಡಾಕ್ಟ್ರು, ಸೀನಿದ್ರೂ ಡಾಕ್ಟ್ರು!"

ಅಜ್ಜಿ ಇನ್ನೊಮ್ಮೆ ಎಳೆದಳು. ಪಿಸಾನಾ ಕಿರುಚಿದ ರಭಸಕ್ಕೆ ಮರಿಗಳು ಒಲೆಯ ಹಿಂದೆ ಅವಿತವು. ಅಜ್ಜಿಯ ಕೈ ತಾನಾಗಿ ಸಡಿಲವಾಯಿತು.

ವೆಲಿಕಾ ಬೆಕ್ಕನ್ನು ಬುಟ್ಟಿಯಲ್ಲಿ ಮಲಗಿಸಿ, ಅಜ್ಜಿಯನ್ನು ತನ್ನ ಕಾರಿಗೆ ಹತ್ತಿಸಿಕೊಂಡು ಪೇಟೆಗೆ ಹೊರಟಳು. ಪಶುವೈದ್ಯ ಗಾನೆವ್ ಮೆಲ್ಲಗೆ ಬೆಕ್ಕಿನ ಬಾಯಿ ತೆರೆಸಿ ನಾಲಿಗೆಯ ಅಡಿ ತೋರಿಸಿದ. ದಾರದ ಇನ್ನೊಂದು ತುದಿ ಅಲ್ಲೇ ಸುತ್ತಿಕೊಂಡಿತ್ತು. ಆಮೇಲೆ ಹೊಟ್ಟೆಯನ್ನು ಒತ್ತಿ ನೋಡಿದ.

"ಲಾಡಿ ಎಳೆದ ಲಂಗದ ಹಾಗೆ ಕರುಳು ನೆರಿಗೆ ಕಟ್ಟಿದೆ ಅಜ್ಜಿ. ಹರಿದೂ ಇರಬೇಕು."

"ಬದುಕತ್ತಾ ಡಾಕ್ಟ್ರೇ? ಮನೇಲಿ ಹಾಲು ಕುಡಿಯೋ ಮರಿಗಳಿವೆ."

"ಊಟ ಬಿಟ್ಟ ದಿನವೇ ತಂದಿದ್ರೆ ಧೈರ್ಯ ಹೇಳ್ತಿದ್ದೆ. ಆಪರೇಷನ್ ಮಾಡ್ತೀನಿ, ಆಸೆ ಇಟ್ಕೋಬೇಡಿ."

ಪಿಸಾನಾ ಆಪರೇಷನ್ ಮೇಜಿನ ಮೇಲೆಯೇ ಸತ್ತಿತು.

ಖಾಲಿ ಬುಟ್ಟಿ ಮನೆಗೆ ಬಂದಾಗ ಮರಿಗಳು ಅದರೊಳಗೆ ಇಳಿದು ತಾಯಿಯ ವಾಸನೆ ಹುಡುಕಿದವು. "ಕಟ್ಟಿದ್ದೂ ನಾನೇ, ಎಳೆದಿದ್ದೂ ನಾನೇ ವೆಲಿಕಾ" ಎಂದು ಅಜ್ಜಿ ಅತ್ತಳು. ವೆಲಿಕಾ ಬೈಯಲಿಲ್ಲ. ಡಾಕ್ಟರು ಕೊಟ್ಟ ಹಾಲಿನ ಪುಡಿ ಕಲಸಿ, ಒಂದು ಮರಿಯನ್ನು ಅವಳ ಮಡಿಲಿಗೆ ಹಾಕಿದಳು. ಅಜ್ಜಿ ಅಂದೇ ಮೇಕೆಮರಿಯ ದಾರ ಬಿಚ್ಚಿ, ನೂಲಿನ ಬುಟ್ಟಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು.

ವಸಂತದ ಮೊದಲ ಕೊಕ್ಕರೆ ಕಂಡ ದಿನ ವಾಡಿಕೆಯಂತೆ ಊರವರು ತಮ್ಮ ತಮ್ಮ ದಾರ ಬಿಚ್ಚಿ ಮರಗಳಿಗೆ ಕಟ್ಟಿದರು. ರಾಲಿ ಬಿಚ್ಚಿದ ದಾರಕ್ಕೆ ಮರಿಯೊಂದು ಹಾರಿ ಪಂಜಾ ಹಾಕಿತು. ಅಜ್ಜಿ ಓಡಿ ಬಂದು ಅದನ್ನು ಎತ್ತಿ ಎದೆಗವಚಿಕೊಂಡಳು. "ಮೇಲಿನ ಕೊಂಬೆಗೆ ಕಟ್ಟು ಮಗಾ, ಇವಕ್ಕೆ ಎಟುಕಬಾರದು" ಎಂದಳು.

ನಿಮ್ಮ ಮನೆಯಲ್ಲಿ ಮಾರ್ತೆನಿತ್ಸ ಇಲ್ಲದಿರಬಹುದು. ಹೂ ಕಟ್ಟುವ ದಾರ, ಸೂಜಿ, ರಬ್ಬರ್ ಬ್ಯಾಂಡ್ ಇದ್ದೇ ಇರುತ್ತವೆ. ಬೆಕ್ಕಿಗೆ ಸಿಗದಂತೆ ಎತ್ತಿಡಿ. ಬೆಕ್ಕು ಏನಾದರೂ ನುಂಗಿತೆಂಬ ಅನುಮಾನ ಬಂದರೆ ಎಣ್ಣೆ ಕುಡಿಸಬೇಡಿ, ವಾಂತಿ ಮಾಡಿಸಬೇಡಿ. ಬಾಯಲ್ಲಾಗಲಿ, ಬಾಲದಡಿಯಲ್ಲಾಗಲಿ ದಾರ ಕಂಡರೆ ಎಳೆಯಬೇಡಿ, ಕತ್ತರಿಸಲೂಬೇಡಿ. ನುಂಗಿದ ವಸ್ತುವಿನ ಉಳಿದ ತುಂಡಿದ್ದರೆ ಜೊತೆಗಿಟ್ಟುಕೊಂಡು ಕೂಡಲೇ ಪಶುವೈದ್ಯರ ಬಳಿಗೆ ಹೋಗಿ. ನಾಳೆ ಸರಿಹೋಗುತ್ತದೆ ಎಂದು ಕಾಯಬೇಡಿ. ಪೆಂಕಾ ಅಜ್ಜಿಯೂ ಹಾಗೆಂದೇ ಕಾದಿದ್ದಳು.