ಸೀಸದಜ್ಜಿಯ ಕೋಟು

ಆಕೆ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿದ್ದಳು. ತೀರಿಹೋದ ಗಂಡನ ದಪ್ಪ ಕೋಟು, ಮೊಣಕಾಲು ಮುಟ್ಟುವಷ್ಟು ಉದ್ದದ್ದು. ಅದರ ಎರಡೂ ಜೇಬುಗಳ ತುಂಬ ಬಲೆಗೆ ಕಟ್ಟುವ ಸೀಸದ ಗುಂಡುಗಳು. ಹೆಜ್ಜೆಗೊಮ್ಮೆ ಅವು ಒಂದರ ಮೇಲೊಂದು ಉರುಳಿ ಮಂದವಾಗಿ ಸದ್ದು ಮಾಡುತ್ತಿದ್ದವು. ಭಾರಕ್ಕೆ ಕೋಟು ಕೆಳಗೆ ಜಗ್ಗಿ, ಆ ಜಗ್ಗಾಟಕ್ಕೆ ಹೆಗಲು ಮುಂದಕ್ಕೆ ಬಾಗಿ, ಯಾರ ಮೇಲೋ ಜಗಳಕ್ಕೆ ಹೊರಟವಳ ಹಾಗೆ ಆಕೆ ಬೀದಿಯಲ್ಲಿ ನಡೆಯುತ್ತಿದ್ದಳು. ಅರ್ಧಕ್ಕರ್ಧ ಸಲ ಜಗಳಕ್ಕೇ ಹೊರಟಿರುತ್ತಿದ್ದುದೂ ಉಂಟು.

ದಡದ ಮೀನುಗಾರರಿಗೆಲ್ಲ ಆಕೆ ಸೀಸದಜ್ಜಿ. ಹಳೆಯ ಸೀಸವನ್ನು ಹಿತ್ತಲಿನ ಒಲೆಯಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು, ಗುಂಡು ಮಾಡಿ, ಬಲೆ ನೀರಿನಲ್ಲಿ ನೆಟ್ಟಗೆ ಇಳಿಯುವಂತೆ ಅದರ ಕೆಳಹಗ್ಗಕ್ಕೆ ಕಚ್ಚಿಸುವುದು ಆಕೆಯ ಕಸುಬು. ಉಳಿದವರು ಇಕ್ಕಳ ಹಿಡಿದರೆ ಆಕೆಗೆ ನಗು. ಮೈಯ ಬಿಸಿ ತಗುಲಿದ ಸೀಸ ಹಗ್ಗದ ಮಾತು ಕೇಳುತ್ತದೆ ಎಂಬುದು ಆಕೆಯ ಅಚಲ ಸಿದ್ಧಾಂತ; ಅದಕ್ಕೇ ಗುಂಡುಗಳ ವಾಸ ಜೇಬಿನಲ್ಲಿ, ಅದಕ್ಕೇ ಉರಿಬಿಸಿಲಿನಲ್ಲೂ ಕೋಟು ಮೈಮೇಲೆ. ಸೀಸ ಮೆತ್ತಗಿದೆಯೋ ಇಲ್ಲವೋ ಎಂದು ಹಲ್ಲಿನಲ್ಲಿ ಕಚ್ಚಿ ನೋಡುವಳು, ಗುರುತು ಸರಿಯಾಗಿ ಮೂಡಿದರೆ ಸಂತೃಪ್ತಿಯಿಂದ ತಲೆಯಾಡಿಸುವಳು.

ಆಕೆಯ ಬಾಯಲ್ಲಿ ಸದಾ ಒಂದು ಮಾತು: "ಆಯ್ತು, ಮುಂದೆ?" ದೋಣಿಯ ಎಂಜಿನ್ ಕೆಟ್ಟಿತೆಂದರೂ ಅದೇ, ಪಕ್ಕದ ಮನೆಯ ಮದುವೆ ಮುರಿಯಿತೆಂದರೂ ಅದೇ. ಮರುಗುತ್ತ ಕೂರುವುದು ಆಕೆಯ ಜಾಯಮಾನವಲ್ಲ. ಈ ಎರಡು ಪದಗಳಿಗೆ ಎಷ್ಟೋ ಜನ ಮುನಿಸಿಕೊಂಡಿದ್ದರು. ಸೊಸೆಯಂತೂ ಈ ಮನೆಗೆ ಬಂದ ಹೊಸದರಲ್ಲಿ, ತವರಿನ ನೆನಪಿಗೆ ಅತ್ತಾಗ ಇದೇ ಮಾತು ಕೇಳಿ, ಇಂಥ ಕಲ್ಲೆದೆಯ ಅತ್ತೆ ಲೋಕದಲ್ಲೇ ಇಲ್ಲವೆಂದು ತೀರ್ಮಾನಿಸಿಬಿಟ್ಟಿದ್ದಳು.

ಆ ಕಲ್ಲೆದೆಗೆ ಒಂದು ಬಿರುಕು ಇತ್ತು: ಮೊಮ್ಮಗಳು. ಬಲಜೇಬಿನಲ್ಲಿ ಗುಂಡುಗಳ ನಡುವೆಯೇ ಒಂದು ಹಿಡಿ ಹುರಿದ ಕಡಲೆಬೀಜ ಇರುತ್ತಿತ್ತು. ಕೋಟಿನ ಸದ್ದು ಕೇಳಿದರೆ ಸಾಕು, ಮಗು ಆಟ ಬಿಟ್ಟು ಓಡಿಬಂದು ಆ ಜೇಬಿಗೆ ಮೊಣಕೈಯವರೆಗೂ ಕೈ ಇಳಿಸುತ್ತಿತ್ತು. ಗುಂಡು ಸರಿಸಿ ಬೀಜ ಹುಡುಕುವುದೇ ಇಬ್ಬರ ಆಟ. ಸಿಕ್ಕಿದ್ದು ನೇರ ಬಾಯಿಗೆ. ನೋಡಿದವರ ಕಣ್ಣು ತಂಪಾಗುವಂಥ ದೃಶ್ಯ ಅದು, ಸೊಸೆಗೂ ಆಗುತ್ತಿತ್ತು.

ಆರು ತುಂಬುವ ಹೊತ್ತಿಗೆ ಮಗು ಮಂಕಾಗತೊಡಗಿತು. ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಕೂರುವುದು, ಮಾತಿಗೊಮ್ಮೆ ರೇಗುವುದು. ನಿನ್ನೆ ಬಂದ ಪದ ಇವತ್ತು ಬಾರದು. 'ಬಾಗಿಲು' ಎನ್ನಲು ಹೋಗಿ ನಡುವೆ ನಿಂತು, ಆ ಪದವನ್ನು ಯಾರೋ ಕಸಿದುಕೊಂಡಂತೆ ತಾಯಿಯ ಮುಖ ನೋಡುವುದು. ಜಂತುಹುಳುವೆಂದರು ಕೆಲವರು, ಸೋಮಾರಿತನವೆಂದರು ಕೆಲವರು. ಅಜ್ಜಿ ತನಗೆ ತಿಳಿದ ಮದ್ದು ಮಾಡಿದಳು: ಮಗು ಅನ್ನ ಮುಟ್ಟುವುದಿಲ್ಲ, ಬೀಜವಾದರೂ ತಿನ್ನಲಿ ಎಂದು ಜೇಬಿಗೆ ಎರಡು ಹಿಡಿ ತುಂಬಿದಳು.

ಬೀದಿಯ ಕೊನೆಯ ಚಿಕಿತ್ಸಾಲಯದ ನರ್ಸು ಒಂದು ದಿನ ಮೀನುಗಾರರ ಮಕ್ಕಳ ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಹೋದಳು. ಮತ್ತೆ ಬಂದವಳು ನೇರ ಈ ಮನೆಯ ಬಾಗಿಲಿಗೇ ಬಂದಳು. ಹಲವು ಮಕ್ಕಳ ರಕ್ತದಲ್ಲಿ ಸೀಸ ಇದೆ, ನಿಮ್ಮ ಮಗುವಿನಲ್ಲಿ ಎಲ್ಲರಿಗಿಂತ ಹೆಚ್ಚು, ಹೀಗೇ ಬಿಟ್ಟರೆ ಬುದ್ಧಿಗೇ ಏಟು ಎಂದಳು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನೋಡಮ್ಮ, ಹುಟ್ಟಿದಾಗಿಂದ ಸೀಸದ ಜೊತೆಗೇ ಇದೀನಿ. ನನಗೇನಾಗಿದೆ?"

"ನಿಮಗೂ ಅದು ಒಳ್ಳೇದಲ್ಲ ಅಜ್ಜಿ. ಆದ್ರೆ ಮಕ್ಕಳ ಮೈ ಬೆಳೆಯೋ ಮೈ. ಸಿಕ್ಕಿದ್ದನ್ನೆಲ್ಲ ಒಳಗೆ ಎಳ್ಕೊಳ್ಳುತ್ತೆ."

"ಆಯ್ತು, ಮುಂದೆ?"

ಮುಂದಿನದು, ಒಲೆಯನ್ನು ಮನೆಯಿಂದ ದೂರ ಸಾಗಿಸುವುದು. ಅಜ್ಜಿ ಗೊಣಗಿದಳು, ನರ್ಸಿನ ವಯಸ್ಸನ್ನು ಆಡಿಕೊಂಡಳು, ಕೊನೆಗೆ ಒಲೆಯನ್ನು ದಡದ ಆಚೆಗಿನ ಖಾಲಿ ಶೆಡ್ಡಿಗೆ ಸಾಗಿಸಿದಳು. ಸೊಸೆ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಕೈ ಸವೆಸಿದಳು. ಮತ್ತೆ ರಕ್ತ ನೋಡಿದಾಗ ಸೀಸ ಒಂದಿಷ್ಟೂ ಇಳಿದಿರಲಿಲ್ಲ. ಇನ್ನೂ ಎಲ್ಲಿಂದಲೋ ಒಳಗೆ ಹೋಗುತ್ತಿದೆ, ಹುಡುಕಿ ಎಂದಳು ನರ್ಸು.

ಸೊಸೆ ಹುಡುಕಿದಳು. ನೀರಿನ ಕೊಡ, ಹಾಸಿಗೆ, ಕಿಟಕಿಯ ಬಣ್ಣ, ಮಗುವಿನ ಆಟದ ಸಾಮಾನು, ಎಲ್ಲದರ ಮೇಲೂ ಅನುಮಾನ. ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದಾಗ ಕೋಟಿನ ಸದ್ದು ಕೇಳಿತು. ಮಗು ಎದ್ದು ಹೋಗಿ ಜೇಬಿಗೆ ಕೈ ಇಳಿಸಿತು, ಬೀಜ ತೆಗೆದು ಬಾಯಿಗೆ ಹಾಕಿಕೊಂಡು ಬೆರಳು ನೆಕ್ಕಿತು. ಬೆರಳ ತುದಿ ಬೂದಿ ಬಣ್ಣವಾಗಿತ್ತು. ಸಾವಿರ ಸಲ ನೋಡಿದ ನೋಟವೇ. ಅವತ್ತು ಸೊಸೆ ಕೈಯಲ್ಲಿದ್ದ ಬಟ್ಟೆಯನ್ನು ತಂತಿಯ ಮೇಲೆ ಹಾಗೇ ಬಿಟ್ಟು ಆ ಬೆರಳನ್ನೇ ನೋಡಿದಳು.

ಹೇಳುವುದು ಹೇಗೆ? ಒಲೆಯ ಮೇಲೆ ತಪ್ಪು ಹೊರಿಸುವುದು ಸುಲಭ, ಒಲೆಗೆ ಮನಸ್ಸಿಲ್ಲ. ಈ ಮುದುಕಿಗೆ ಲೋಕದಲ್ಲಿ ಇರುವ ಒಂದೇ ಸುಖ ಆ ಜೇಬು, ಗಂಡನ ಗುರುತಾಗಿ ಉಳಿದಿರುವುದು ಆ ಕೋಟು. ಮೀನಿಗೆ ಹೋಗಿರುವ ತನ್ನ ಗಂಡ ಕಡಲಿನಿಂದ ಬರಲಿ, ಅವನೇ ತಾಯಿಗೆ ಹೇಳಲಿ ಎಂದು ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ಮಗು ಮತ್ತೆ ಜೇಬಿನತ್ತ ಕೈ ಚಾಚಿತು. ಸೊಸೆ ಓಡಿಹೋಗಿ ಆ ಕೈ ಹಿಡಿದಳು.

"ಅತ್ತೆ, ಕೊಡಬೇಡಿ."

"ಏನೇ ಇದು? ಕಡಲೆಬೀಜ ಕಣೇ."

"ಬೀಜ ಅಲ್ಲ ಅತ್ತೆ. ಜೇಬು. ಆ ಜೇಬಿಂದ್ಲೇ ಹೋಗ್ತಿರೋದು."

ಅಜ್ಜಿ ಬಾಯಿ ತೆರೆದಳು. ಆಕೆಯ ಆ ಎರಡು ಪದ ಬರುವುದೆಂದು ಸೊಸೆ ಕಾದಳು, ಬರಲಿಲ್ಲ. ಅಜ್ಜಿ ಜೇಬಿನ ಒಳಮೈಯನ್ನು ಹೊರಕ್ಕೆ ಎಳೆದಳು. ಗುಂಡುಗಳು ದಬದಬನೆ ನೆಲಕ್ಕೆ ಬಿದ್ದವು, ಬಟ್ಟೆಯ ಮಡಿಕೆಯಿಂದ ಬೂದುಬಣ್ಣದ ಪುಡಿ ಉದುರಿತು, ಪುಡಿಯ ಜೊತೆ ನಾಲ್ಕಾರು ಬೀಜ. ಬಗ್ಗಿ ಒಂದು ಬೀಜ ಹೆಕ್ಕಿ ಬೆರಳಿನಲ್ಲಿ ಉಜ್ಜಿ ನೋಡಿದಳು. ಆಮೇಲೆ, "ನಾನೇ ತಿನ್ನಿಸ್ತಿದ್ನೇನೇ?" ಎಂದು ಕೇಳಿದ ದನಿ ಎಷ್ಟು ಸಣ್ಣದಾಗಿತ್ತೆಂದರೆ, ಇಷ್ಟು ವರ್ಷ ತಾನು ಹೆದರಿದ್ದು ಈ ಹೆಂಗಸಿಗೇನಾ ಎಂದು ಸೊಸೆಗೆ ಅಚ್ಚರಿಯಾಯಿತು. ಸೊಸೆ ಅತ್ತೆಯ ತೋಳು ಹಿಡಿದುಕೊಂಡಳು. ಅವರಿಬ್ಬರು ಹಾಗೆ ಮುಟ್ಟಿಕೊಂಡದ್ದು ಅದೇ ಮೊದಲು.

ಆಮೇಲೆ ಶುರುವಾಯಿತು ನೋಡಿ ಸೀಸದಜ್ಜಿಯ ಹೊಸ ಅವತಾರ. ನರ್ಸು ಸುಡಬೇಡಿ ಎಂದಿದ್ದರಿಂದ ಕೋಟು ಚೀಲದಲ್ಲಿ ಮುಚ್ಚಿಕೊಂಡು ಚಿಕಿತ್ಸಾಲಯದವರ ಕೈ ಸೇರಿತು. ಕೋಟಿಲ್ಲದ ಅಜ್ಜಿ ಅರ್ಧ ಕರಗಿದವಳ ಹಾಗೆ ಕಾಣುತ್ತಿದ್ದಳು, ಹಟ ಮಾತ್ರ ಒಂದು ಗುಲಗಂಜಿಯಷ್ಟೂ ಕರಗಿರಲಿಲ್ಲ. ಶೆಡ್ಡಿನಿಂದ ಬಂದರೆ ಅಲ್ಲಿಯ ಸೀರೆ ಅಲ್ಲೇ, ಸ್ನಾನವಾಗದೆ ಹೊಸಿಲು ದಾಟುವಂತಿಲ್ಲ. ಇಕ್ಕಳವನ್ನು ಕಂಡು ನಕ್ಕವಳು ಈಗ ಬೀದಿಯಲ್ಲಿ ಯಾರಾದರೂ ಗುಂಡು ಹಲ್ಲಿಗಿಟ್ಟರೆ ಮೈಮೇಲೆ ಏರಿಹೋಗುತ್ತಿದ್ದಳು. ಕಡಲಿನಿಂದ ಬಂದ ಮಗ ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಲು ಹೋಗಿ, ಎಲ್ಲರೆದುರು ಬೆನ್ನಿಗೆ ಒಂದು ಗುದ್ದು ತಿಂದ. ನೆರೆಯವರು ಹಿಂದಿನ ಅಜ್ಜಿಯೇ ವಾಸಿಯಾಗಿದ್ದಳು ಎಂದುಕೊಂಡರು.

ಮುಂದಿನ ಪರೀಕ್ಷೆಯಲ್ಲಿ ಸೀಸ ಇಳಿಯಿತು, ಅದರ ಮುಂದಿನದರಲ್ಲಿ ಇನ್ನಷ್ಟು ಇಳಿಯಿತು. ಆಗಿಹೋದದ್ದೆಲ್ಲ ಪೂರ್ತಿ ಸರಿಹೋಗುತ್ತದೆಂದು ಮಾತು ಕೊಡಲಾರೆ, ಆದರೆ ಮೂಲ ಬೇಗ ಸಿಕ್ಕಿತು, ಮಗು ಚೇತರಿಸಿಕೊಳ್ಳುತ್ತಿದೆ ಎಂದಳು ನರ್ಸು. ಸೊಸೆ ಅಡುಗೆಮನೆಗೆ ಹೋಗಿ ಮನಸಾರೆ ಅತ್ತಳು. ಅಜ್ಜಿ ಮಾತ್ರ ನಂಬಲಿಲ್ಲ. ಮಗುವನ್ನು ಓರೆಗಣ್ಣಿನಿಂದ ನೋಡುತ್ತ, ಆಡುವ ಒಂದೊಂದು ಮಾತಿಗೂ ಕಿವಿಗೊಟ್ಟು ಕಾಯುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ ಹಾಲಿನ ಪಾತ್ರೆ ಉರುಳಿ ನೆಲವೆಲ್ಲ ಹಾಲಾಯಿತು. ಯಾರು ಮಾಡಿದ್ದೆಂದು ಸೊಸೆ ಗದರಿದಾಗ ಮಗು ಸೊಂಟದ ಮೇಲೆ ಕೈಯಿಟ್ಟು ನಿಂತು ಕಥೆ ಶುರುಮಾಡಿತು: ಬೆಕ್ಕು ಕಿಟಕಿಯಿಂದ ಬಂತಂತೆ, ಕಪ್ಪು ಬೆಕ್ಕಂತೆ, ಅದರ ಹಿಂದೆ ಅದರ ಚಿಕ್ಕಮ್ಮನೂ ಬಂದಳಂತೆ, ಇಬ್ಬರಿಗೂ ಹಾಲಿಗಾಗಿ ಜಗಳವಾಯಿತಂತೆ, ಬಿಡಿಸಲು ಹೋದ ತನಗೇ ಪರಚಿದರಂತೆ! ಎಲ್ಲೂ ತಡವರಿಸಲಿಲ್ಲ, ಒಂದು ಪದಕ್ಕೂ ತಾಯಿಯ ಮುಖ ನೋಡಲಿಲ್ಲ. ಸೊಸೆ ಬೈಯಲು ಬಾಯಿ ತೆರೆದಳು. ಅಜ್ಜಿ ಅವಳ ಕೈ ಗಟ್ಟಿಯಾಗಿ ಹಿಡಿದಳು.

"ಸುಮ್ನಿರೇ, ಹೇಳ್ಲಿ. ಎಷ್ಟು ಚೆನ್ನಾಗಿ ಸುಳ್ಳು ಹೇಳ್ತಿದಾಳೆ ನೋಡೇ ನನ್ನ ಬಂಗಾರ!"

ಎಂದವಳು ಹಾಲಿನ ನೆಲದ ಮೇಲೇ ಕುಕ್ಕರಿಸಿ, ಸೆರಗು ಬಾಯಿಗೊತ್ತಿ, ನಗುವೋ ಅಳುವೋ ತಿಳಿಯದಂತೆ ಅಲುಗಾಡತೊಡಗಿದಳು.

ಇಂಥವರು ಪ್ರತಿಯೊಂದು ದಡದಲ್ಲೂ ಇದ್ದಾರೆ. ಹಟವೇ ಅವರ ಆಸ್ತಿ. ಅವರ ಜೊತೆ ಬಾಳುವುದು ಸುಲಭವಲ್ಲ. ನಮ್ಮ ಕಣ್ಣೀರಿಗೆ ಅವರಲ್ಲಿ ಮಾತಿರುವುದಿಲ್ಲ, ತಮ್ಮ ತಪ್ಪಿಗೂ ಇರುವುದಿಲ್ಲ. ಅವರ ಕೈ ಮಾತ್ರ ಯಾವಾಗಲೂ ಏನನ್ನೋ ಕೊಡಲು ಮುಂದೆ ಚಾಚಿರುತ್ತದೆ, ಮತ್ತು ಆ ಕೈಯಲ್ಲಿರುವುದು ಕೆಟ್ಟದ್ದೆಂದು ಹೇಳುವ ಧೈರ್ಯ ನಮಗೆ ಬೇಗ ಬರುವುದಿಲ್ಲ. ಆದರೆ ಹೇಳಿದರೆ ಅವರು ಕೇಳುತ್ತಾರೆ. ನಾವು ಎಣಿಸಿದ್ದಕ್ಕಿಂತ ಬೇಗ ಕೇಳುತ್ತಾರೆ, ಏಕೆಂದರೆ ಅವರು ಹಟ ಹಿಡಿದು ಕಾಯುತ್ತಿದ್ದದ್ದು ಯಾವ ಹೊತ್ತಿನಲ್ಲೂ ಕಸುಬನ್ನಲ್ಲ, ಮಗುವನ್ನು.