ಒಬ್ಬರೇ ಕೂರುವ ದೋಣಿ

ದೋಣಿ ಅಂಗಡಿಯ ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿತ್ತು: ‘ದೋಣಿಯನ್ನು ಕಾಲು ನೋಡಿಕೊಳ್ಳಲಿ, ಕೈ ಗಾಳಕ್ಕಿರಲಿ.’ ಓದಿದ್ದೇ ತಡ, ನನ್ನ ಮೈ ಉರಿದುಹೋಯಿತು. ಇಪ್ಪತ್ತಾರು ವರ್ಷದಿಂದ ನನ್ನ ಗಂಡನ ಎರಡು ಕೈಯೂ ಗಾಳಕ್ಕೇ ಇದ್ದವು. ದೋಣಿಯನ್ನು ನೋಡಿಕೊಂಡದ್ದು ಯಾವ ಕಾಲೂ ಅಲ್ಲ, ನಾನು.

ಅವರು ಗಡಿಯಾರ ರಿಪೇರಿ ಮಾಡುವವರು. ಮೊಳದಗಲದ ಮೇಜು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಸಾಸಿವೆಗಿಂತ ಚಿಕ್ಕ ಸ್ಕ್ರೂಗಳು. ಒಂದು ಗಂಟೆ ಹುಟ್ಟು ಹಾಕಿದರೆ ಮರುದಿನವೆಲ್ಲ ಕೈ ನಡುಗುತ್ತದೆ, ಚಿಮುಟದಲ್ಲಿ ಹಿಡಿದದ್ದು ಜಾರಿ ನೆಲ ಸೇರುತ್ತದೆ. ನಾನು ಬೇಕರಿಯಲ್ಲಿ ಹಿಟ್ಟು ನಾದುವವಳು. ಮದುವೆಯ ದಿನವೇ ನನ್ನ ತೋಳು ನೋಡಿ ಅವರ ಅಕ್ಕ, ‘ನನ್ನ ತಮ್ಮ ಎದುರು ಮಾತಾಡಿದ್ರೆ ಅವನ ಕಥೆ ಮುಗೀತು’ ಎಂದು ನಕ್ಕಿದ್ದರು. ಹಾಗಾಗಿ ಭಾನುವಾರ ಭಾನುವಾರ ಕೆರೆಗೆ ಹೋದಾಗ ಹುಟ್ಟು ನನ್ನ ಪಾಲು, ಗಾಳ ಅವರ ಪಾಲು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಹಾಗೇ ಆಗಿಹೋಯಿತು.

ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು. ನಾನು ಅವರ ಮುಖ ನೋಡುತ್ತಾ ಕೂರುತ್ತಿದ್ದೆ. ಅವರು ನನ್ನ ಭುಜದ ಮೇಲಿಂದ ನೀರು ನೋಡುತ್ತಾ ದಾರಿ ಹೇಳುತ್ತಿದ್ದರು. ಮೊದಲ ವರ್ಷ ಇದೇ ಜಗಳ. ಎದುರುಬದುರು ಕೂತವರಲ್ಲಿ ಒಬ್ಬರ ಎಡ ಇನ್ನೊಬ್ಬರ ಬಲ. ಅವರು ‘ಎಡಕ್ಕೆ’ ಅನ್ನುವುದು, ನಾನು ನನ್ನ ಎಡಕ್ಕೆ ತಿರುಗಿಸುವುದು, ದೋಣಿ ಹೋಗಿ ಜೊಂಡಿಗೆ ನುಗ್ಗುವುದು. ಕೊನೆಗೊಂದು ದಿನ ಹುಟ್ಟು ಕೆಳಗಿಟ್ಟು ಹೇಳಿದೆ: ‘ನೋಡಿ, ಬೆವರು ಸುರಿಸೋಳು ನಾನು. ಎಡ ಅಂದ್ರೆ ನನ್ನ ಎಡ. ನಿಮ್ಮ ಎಡಾನ ಮನೇಲಿ ಬಿಟ್ಟು ಬನ್ನಿ.’ ಅವತ್ತಿನಿಂದ ನೀರಿಗಿಳಿದ ಕೂಡಲೇ ಅವರು ತಮ್ಮ ಬಲವನ್ನು ಎಡ ಅನ್ನತೊಡಗಿದರು. ಅದಾದ ಮೇಲೆ ಒಂದು ಸಲವೂ ತಪ್ಪಲಿಲ್ಲ.

ಎರಡು ತಿಂಗಳ ಹಿಂದೆ ನಾನು ಬೇಕರಿಯಲ್ಲಿ ಹಿಟ್ಟಿನ ತೊಟ್ಟಿಯ ಮುಂದೆಯೇ ಕುಸಿದೆ. ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಡುವವರಲ್ಲ. ಹೃದಯ ಪೂರ್ತಿ ಸೋತಿದೆ, ಔಷಧಿ ಎಷ್ಟು ದಿನ ಎಳೆಯುತ್ತದೋ ಅಷ್ಟು ದಿನ, ಮುಂದಿನ ಬೇಸಿಗೆಯ ಮಾತು ಬೇಡ ಎಂದರು. ಇನ್ನು ಹಿಟ್ಟೂ ಇಲ್ಲ, ಹುಟ್ಟೂ ಇಲ್ಲ. ನನ್ನ ಗಂಡ ಡಾಕ್ಟರ ತಲೆಯ ಹಿಂದಿನ ಗೋಡೆ ಗಡಿಯಾರವನ್ನೇ ನೋಡುತ್ತಿದ್ದರು. ‘ಅದು ಎರಡು ನಿಮಿಷ ಹಿಂದಿದೆ ಸಾರ್,’ ಎಂದರು.

ಆ ಭಾನುವಾರ ನಾನಿನ್ನೂ ಆಸ್ಪತ್ರೆಯಲ್ಲೇ ಇದ್ದೆ. ‘ಇಲ್ಲಿ ಕೂತು ನನ್ನ ಮುಖ ನೋಡೋ ಬದಲು ಹೋಗಿ ಮೀನಾದ್ರೂ ಹಿಡೀರಿ,’ ಎಂದು ಗದರಿಸಿ ಕಳಿಸಿದೆ. ನನ್ನ ಬಾಯಿಗೆ ಬೆಂಕಿ ಹಾಕ. ಒಬ್ಬರೇ ಹೋದರು. ಮೀನು ಕಚ್ಚಿತು, ಅವರ ಎರಡು ಕೈಯೂ ಗಾಳಕ್ಕೆ ಹೋದವು, ಹುಟ್ಟು ಜಾರಿ ನೀರಿಗೆ ಬಿತ್ತು. ಗಾಳಿ ದೋಣಿಯನ್ನು ಕೆರೆಯ ಆ ತುದಿಗೆ ತಳ್ಳಿಕೊಂಡು ಹೋಯಿತು. ಅಲ್ಲಿ ನೀರೊಳಗೆ ಹಳೇ ಮರದ ಬೊಡ್ಡೆಗಳು ಮೊಳೆ ಹೊಡೆದ ಹಾಗೆ ನಿಂತಿವೆ. ಒಂದಕ್ಕೆ ಜೋರಾಗಿ ತಾಗಿದರೂ ದೋಣಿ ಮಗುಚುತ್ತದೆ, ಇವರಿಗೆ ಈಜು ಬಾರದು. ಸಂಜೆಗೆ ಕೆರೆಯ ಕಾವಲುಗಾರ ಕಂಡು ಎಳೆದು ತಂದನಂತೆ. ಇದನ್ನೆಲ್ಲ ಮರುದಿನ ನನ್ನ ಮಂಚದ ಪಕ್ಕ ಕೂತು ತಮಾಷೆ ಹೇಳಿದ ಹಾಗೆ ಹೇಳಿದರು. ನನಗೆ ಎದೆ ಧಸಕ್ಕೆಂದಿತು. ಇರುವ ಒಂದು ಸೋತ ಹೃದಯವನ್ನೂ ಹೀಗೆ ಧಸಕ್ಕೆನಿಸುತ್ತಾರಲ್ಲ ಎಂದು ಸಿಟ್ಟೂ ಬಂತು.

ಗಾಳ ಬಿಟ್ಟುಬಿಡಿ ಎಂದರೆ ಬಿಡುವವರಲ್ಲ. ಬಿಟ್ಟರೆ ಆ ಗಡಿಯಾರಗಳ ನಡುವೆ ಕೂತು ಒಣಗಿಹೋಗುತ್ತಾರೆ. ನಾನು ಹೋಗುವುದು ಹೇಗೂ ಹೋಗುತ್ತೇನೆ, ಅದರಲ್ಲಿ ನನ್ನ ಕೈಯಲ್ಲಿ ಏನೂ ಇಲ್ಲ. ಆದರೆ ಈ ಮನುಷ್ಯ ಒಬ್ಬರೇ ನೀರಿಗೆ ಹೋಗಿ ಒಬ್ಬರೇ ಕ್ಷೇಮವಾಗಿ ದಡಕ್ಕೆ ಬರುವುದನ್ನು ನೋಡದೆ ಕಣ್ಣು ಮುಚ್ಚಲು ನನಗೆ ಮನಸ್ಸಿರಲಿಲ್ಲ. ಅದಕ್ಕೇ ಈ ಅಂಗಡಿಗೆ ಬಂದದ್ದು.

ಅಂಗಡಿ ನೋಡಿಕೊಳ್ಳುವವಳು ಒಬ್ಬ ಚುರುಕಾದ ಹೆಣ್ಣುಮಗಳು. ‘ಯಾರಿಗೆ ಆಂಟಿ, ನಿಮಗಾ ಅಂಕಲ್‌ಗಾ?’ ಎಂದಳು.

‘ನಂಗೆ ಬೇರೆ ವಾಹನ ಬುಕ್ ಆಗಿದೆ ಕಣಮ್ಮ. ಇವರಿಗೆ ತೋರಿಸು,’ ಎಂದೆ. ನನ್ನ ಗಂಡ ತಲೆ ತಗ್ಗಿಸಿ ಒಂದು ಲೈಫ್ ಜಾಕೆಟ್ಟಿನ ಬಕಲ್ಲನ್ನು ಬಿಚ್ಚಿ ಹಾಕಿ ಮಾಡುತ್ತಾ ನಿಂತರು.

ಅವಳು ಎರಡು ಬಗೆಯ ಕಯಾಕ್ ತೋರಿಸಿದಳು, ಎರಡೂ ಕಾಲಿನಿಂದ ನಡೆಸುವ ಒಬ್ಬರ ದೋಣಿಗಳು. ಒಂದರಲ್ಲಿ ಎರಡು ಪಾದವನ್ನೂ ಒಂದಾದ ಮೇಲೊಂದು ಮುಂದಕ್ಕೆ ಒತ್ತಬೇಕು, ಅಡಿಯಲ್ಲಿ ಮೀನಿನ ರೆಕ್ಕೆಯಂಥ ಎರಡು ಪಟ್ಟಿ ಆಡುತ್ತವೆ. ಜೊಂಡಿಗೆ ಸಿಕ್ಕಿಕೊಳ್ಳುವುದಿಲ್ಲ. ಆದರೆ ಹಿಂದಕ್ಕೆ ಹೋಗಬೇಕಾದರೆ ಮೊದಲು ಒಂದು ಹಗ್ಗ ಎಳೆಯಬೇಕು. ಇನ್ನೊಂದು ಸೈಕಲ್ ತುಳಿದ ಹಾಗೆ, ಅಡಿಯಲ್ಲಿ ಪುಟ್ಟ ಫ್ಯಾನು. ಮುಂದಕ್ಕೆ ತುಳಿದರೆ ಮುಂದೆ, ಹಿಂದಕ್ಕೆ ತುಳಿದರೆ ಹಿಂದೆ.

‘ಫ್ಯಾನಿಗೆ ಜೊಂಡು ಸುತ್ತಿಕೊಂಡ್ರೆ?’ ಎಂದೆ.

‘ಮೇಲಕ್ಕೆ ಎತ್ತಿ ಬಿಡಿಸ್ಕೋಬಹುದು ಆಂಟಿ.’

‘ಹಾಗಾದ್ರೆ ಇದೇ ಇರ್ಲಿ. ಎದುರಿಗೆ ಬೊಡ್ಡೆ ಬಂದಾಗ ಹಗ್ಗ ಎಲ್ಲಿದೆ ಅಂತ ಹುಡುಕ್ತಾ ಕೂರೋರು ಇವರು. ಹೆದರಿದ್ರೆ ಕಾಲು ತಾನಾಗೇ ಹಿಂದಕ್ಕೆ ತುಳಿಯುತ್ತೆ.’

ಹೊಸ ಮೂಟೆಯ ಹಿಟ್ಟನ್ನು ಮುಟ್ಟಿ ಮೂಸಿ ನೋಡುವ ಹಾಗೆ ಆ ದೋಣಿಯನ್ನು ನೋಡಿದೆ. ಅಂಗಡಿಯವಳನ್ನೇ ಅದರ ಒಂದು ಅಂಚಿನ ಮೇಲೆ ಕೂರಿಸಿ ಎಷ್ಟು ವಾಲುತ್ತದೆ ಎಂದು ಪರೀಕ್ಷೆ ಮಾಡಿದೆ. ದಡಕ್ಕೆ ಎಳೆಯಲು ಅಡಿಯಲ್ಲಿ ಗಾಲಿ ಉಂಟೋ, ಸೀಟಿನಿಂದ ಏಳುವಾಗ ಹಿಡಿಯಲು ಪಟ್ಟಿ ಉಂಟೋ, ಗಾಳದ ಕೋಲನ್ನು ಸಿಕ್ಕಿಸುವ ತೂತು ಕೈಗೆ ಎಟುಕುತ್ತದೋ, ಎಲ್ಲ ನೋಡಿದೆ. ಹಿಂದಿನ ಚುಕ್ಕಾಣಿಯನ್ನು ತಿರುಗಿಸಲು ಸೀಟಿನ ಪಕ್ಕದಲ್ಲಿ ಒಂದು ಪುಟ್ಟ ಹಿಡಿ. ಅಷ್ಟಕ್ಕೆ ಮಾತ್ರ ಆಗಾಗ ಒಂದು ಕೈ ಬೇಕು. ಸೀಟು ಮುಂದಕ್ಕೆ ಮುಖ ಮಾಡಿತ್ತು. ಎದುರಿಗೆ ಪೆಡಲು, ಪೆಡಲಿನಾಚೆ ನೀರು. ಇನ್ನೊಬ್ಬರು ಕೂರಲು ಜಾಗವಿಲ್ಲ.

ಅಷ್ಟರಲ್ಲಿ ಇವರು ಮೂಲೆಯಲ್ಲಿದ್ದ ಇಬ್ಬರ ದೋಣಿಯ ಹತ್ತಿರ ಹೋಗಿ ನಿಂತಿದ್ದರು. ‘ಇದೂ ಪೆಡಲಿಂದೇ ಕಣೇ,’ ಎಂದರು ಮೆಲ್ಲಗೆ.

‘ಖಾಲಿ ಸೀಟು ಹೊತ್ಕೊಂಡು ಗಾಳಿಗೆ ಸಿಕ್ಕಿದ್ರೆ ಒಬ್ಬರ ಕಾಲಲ್ಲಿ ಎಳೆಯೋಕಾಗುತ್ತೇನ್ರೀ? ಸುಮ್ನೆ ಬನ್ನಿ ಈ ಕಡೆ.’

ಬಂದರು. ಬರುವಾಗ ಆ ಎರಡನೇ ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ ಬಂದರು.

ಅಂಗಡಿಯ ಹಿಂದೆ ಒಂದು ಕೊಳವಿತ್ತು, ಅದರಲ್ಲಿ ಐದು ಹಳದಿ ಡ್ರಮ್ಮುಗಳು ಸಾಲಾಗಿ ತೇಲುತ್ತಿದ್ದವು. ಕೊಳ್ಳುವ ಮೊದಲು ಅವುಗಳ ನಡುವೆ ಓಡಿಸಿ ನೋಡಬಹುದು. ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಇವರು ಕೂತರು, ತುಳಿದರು, ದೋಣಿ ಹೊರಟಿತು. ಮೊದಲ ಡ್ರಮ್ಮು ಬಂತು. ‘ಅಂಕಲ್, ಎಡಕ್ಕೆ!’ ಎಂದು ಕೂಗಿದಳು ಅಂಗಡಿಯವಳು.

ಇವರು ಬಲಕ್ಕೆ ತಿರುಗಿಸಿ ಸಿಮೆಂಟಿನ ಕಟ್ಟೆಗೆ ಗುದ್ದಿದರು.

‘ಎಡ ಅಂಕಲ್, ಎಡ!’

ಮತ್ತೆ ಬಲಕ್ಕೆ ಹೋದರು. ಅವಳು ನಕ್ಕಳು, ನಾನು ಕುರ್ಚಿಯಿಂದ ಅರ್ಧ ಎದ್ದೆ. ನೀರಿಗಿಳಿದರೆ ಬಲವನ್ನೇ ಎಡ ಅನ್ನಬೇಕೆಂದು ಕಲಿಸಿದವಳು ನಾನೇ ಅಲ್ಲವೇ! ಈಗ ಇವರು ಮುಂದಕ್ಕೆ ಮುಖ ಮಾಡಿ ಕೂತಿದ್ದಾರೆ, ತಿರುಗಿಸುವವರೂ ಇವರೇ, ಆದರೆ ತಲೆಯೊಳಗಿನ ಎಡ ಮಾತ್ರ ನನ್ನದು. ಬೊಡ್ಡೆ ಕಂಡು ಎಡಕ್ಕೆ ಎಂದುಕೊಂಡು ಬೊಡ್ಡೆಯ ಮೇಲೇ ಹೋಗುತ್ತಾರೆ. ನನ್ನ ಜಂಭದ ಒಂದು ಮಾತು ಇವರನ್ನು ಮುಳುಗಿಸುತ್ತದೆ.

‘ನನ್ನ ಎಡ ಅಲ್ಲರೀ, ನಿಮ್ಮ ಎಡ! ನಿಮ್ಮ ಎಡ!’ ಎಂದು ಕಿರುಚಿದೆ. ಎರಡು ಸಲ ಕಿರುಚುವಷ್ಟರಲ್ಲಿ ಉಸಿರು ಕಟ್ಟಿತು.

ಮನೆಗೆ ಹಿಂತಿರುಗುವಾಗ ಬಸ್ಸಿನಲ್ಲಿ ಅವರು ತಮ್ಮ ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತ್ತು. ‘ತಿಳ್ಕೊಳ್ಳಿ, ನೀವು ಸರಿಯಾಗಿ ಎಡಕ್ಕೆ ತಿರುಗೋದನ್ನ ಕಣ್ಣಾರೆ ನೋಡೋವರೆಗೆ ನಾನು ಸಾಯೋಳಲ್ಲ,’ ಎಂದೆ. ಸಿಟ್ಟಿನಲ್ಲಿ ಬಂದ ಮಾತು. ಅವರು ಕಿಟಕಿಯ ಕಡೆ ತಿರುಗಿದರು. ನಮ್ಮ ನಿಲ್ದಾಣ ಬರುವವರೆಗೂ ಈ ಕಡೆ ತಿರುಗಲಿಲ್ಲ.

ಅಂಗಡಿಯವಳು ಒಳ್ಳೆಯವಳು. ದೋಣಿಯನ್ನು ನಮಗೆಂದೇ ತೆಗೆದಿಟ್ಟಳು, ಕಲಿಯುವವರೆಗೆ ಬನ್ನಿ ಎಂದಳು. ಎರಡನೇ ಭಾನುವಾರ ಹೋದೆವು. ಬಲಕ್ಕೆ. ಮೂರನೇ ಭಾನುವಾರವೂ ಬಲಕ್ಕೆ. ವಾರವಿಡೀ ನಾನು ಮನೆಯಲ್ಲಿ ಪಾಠ ಮಾಡುತ್ತಿದ್ದೆ. ಅಡುಗೆಮನೆಯಲ್ಲಿ ಕುರ್ಚಿ ಹಾಕಿ ಕೂರಿಸಿ, ಕೈಗೆ ಲಟ್ಟಣಿಗೆ ಕೊಟ್ಟು ಅದೇ ಚುಕ್ಕಾಣಿ ಎಂದುಕೊಳ್ಳಿ ಎನ್ನುತ್ತಿದ್ದೆ. ಅಡುಗೆಮನೆಯಲ್ಲಿ ಒಂದೂ ತಪ್ಪುತ್ತಿರಲಿಲ್ಲ. ಕೊಳಕ್ಕೆ ಹೋದರೆ ಮತ್ತೆ ಅದೇ. ‘ಸಣ್ಣ ಮುಳ್ಳು ಯಾವುದು ದೊಡ್ಡ ಮುಳ್ಳು ಯಾವುದು ಅಂತಾನೂ ಮರ್ತುಹೋಗುತ್ತಾ ನಿಮಗೆ?’ ಎಂದು ಬೈದೆ. ಬೈಯುತ್ತಿದ್ದಾಗ ಅವರ ಮುಖದಲ್ಲಿ ಬೇಸರವೇ ಇರಲಿಲ್ಲ. ನನಗೆ ಅದು ಇನ್ನಷ್ಟು ಹೊಟ್ಟೆ ಉರಿಸಿತು.

ನಾಲ್ಕನೇ ಭಾನುವಾರದ ಹೊತ್ತಿಗೆ ನನ್ನ ಕಾಲು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಅರ್ಧ ಗಂಟೆ ಕೂತದ್ದಕ್ಕೇ ಏದುಸಿರು ಬಂತು. ಅಂಗಡಿಯವಳು ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ಲೈಫ್ ಜಾಕೆಟ್ಟುಗಳನ್ನು ಪೇರಿಸಿಟ್ಟ ಕೋಣೆಯಲ್ಲಿ ಒಂದು ಬೆಂಚಿನ ಮೇಲೆ ಮಲಗಿಸಿದಳು. ಹೊಸ ರಬ್ಬರಿನ ವಾಸನೆ. ತಲೆಯ ಹತ್ತಿರ ಒಂದು ಕಿಟಕಿ, ಅದರ ಗಾಜಿಗೆ ಅರ್ಧದವರೆಗೆ ಹಳೇ ಕಾಗದ ಅಂಟಿಸಿದ್ದರು. ಉಸಿರು ಸ್ವಲ್ಪ ಹದಕ್ಕೆ ಬಂದ ಮೇಲೆ ಎದ್ದು ಕೂತೆ, ಕಾಗದದ ಮೇಲಿಂದ ಹೊರಗೆ ನೋಡಿದೆ.

ನನ್ನ ಗಂಡ ಕೊಳದಲ್ಲಿದ್ದರು. ಎರಡು ಕೈಯಲ್ಲೂ ಗಾಳದ ಕೋಲು ಹಿಡಿದು, ನಿಧಾನವಾಗಿ ತುಳಿಯುತ್ತಿದ್ದರು. ಮೊದಲ ಡ್ರಮ್ಮು ಬಂತು. ಒಂದು ಕೈ ಇಳಿಸಿ ಹಿಡಿಯನ್ನು ಮುಟ್ಟಿದರು, ದೋಣಿ ಎಡಕ್ಕೆ ತಿರುಗಿತು. ಎರಡನೆಯದಕ್ಕೆ ಬಲಕ್ಕೆ. ಮೂರನೆಯದಕ್ಕೆ ಮತ್ತೆ ಎಡಕ್ಕೆ. ಐದನ್ನೂ ಸುತ್ತಿ, ಕೊನೆಯದರ ಹತ್ತಿರ ಹಿಂದಕ್ಕೆ ತುಳಿದು ದೋಣಿಯನ್ನು ಹಾಗೇ ನಿಲ್ಲಿಸಿದರು. ಒಂದು ಡ್ರಮ್ಮಿಗೂ ತಾಗಲಿಲ್ಲ. ಬಾಯಿ ಬಿಟ್ಟು ಒಂದು ಮಾತೂ ಆಡಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನೀರಿನ ಮೇಲೆ ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ.

ನೀರು ತಂದ ಅಂಗಡಿಯವಳು ನಾನು ನೋಡುತ್ತಿದ್ದುದನ್ನು ನೋಡಿದಳು. ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು.

‘ಎಷ್ಟು ದಿನದಿಂದ ಬರುತ್ತೆ ಇವರಿಗೆ?’ ಎಂದೆ.

‘ಎರಡನೇ ವಾರದಿಂದ ಆಂಟಿ. ನೀವು ಬಾತ್‌ರೂಮಿಗೆ ಹೋದಾಗೆಲ್ಲ ಚೆನ್ನಾಗೇ ಓಡಿಸ್ತಿದ್ರು. ಹೇಳಬೇಡ ಅಂದಿದ್ರು. ಕಲಿತಿದ್ದು ಗೊತ್ತಾದ್ರೆ ನೀವು...’ ಅವಳು ಅಲ್ಲಿಗೇ ನಿಲ್ಲಿಸಿದಳು.

ಅವಳು ಮುಗಿಸಬೇಕಾಗಿರಲಿಲ್ಲ. ಬಸ್ಸಿನಲ್ಲಿ ನಾನು ಆಡಿದ ಮಾತು ನನಗೆ ನೆನಪಿತ್ತು. ಲೈಫ್ ಜಾಕೆಟ್ಟುಗಳ ರಾಶಿಗೆ ಮುಖ ಒತ್ತಿಕೊಂಡು ಅತ್ತೆ. ಹುಚ್ಚು ಮನುಷ್ಯ! ಸರಿಯಾಗಿ ಎಡಕ್ಕೆ ತಿರುಗದೇ ಇದ್ದರೆ ಸಾವು ಬಾಗಿಲಾಚೆ ಕಾಯುತ್ತಾ ನಿಲ್ಲುತ್ತದೆಯೇ? ಅರವತ್ತರ ಹತ್ತಿರ ಬಂದಿರುವ, ನಿಮಿಷ ನಿಮಿಷಕ್ಕೂ ಲೆಕ್ಕ ಇಡುವ ಗಡಿಯಾರದವರು ನಂಬುವ ಮಾತೇ ಇದು?

ಆದರೆ ಅಳುವಿನ ನಡುವೆಯೇ ಎದೆಯ ಮೇಲಿಂದ ಒಂದು ಮೂಟೆ ಇಳಿದದ್ದೂ ನಿಜ. ಇವರಿಗೆ ಬರುತ್ತದೆ. ಬೊಡ್ಡೆಗಳ ನಡುವೆ ಹೋಗಿ ಬರುತ್ತಾರೆ. ದಡ ಸೇರುತ್ತಾರೆ. ನಾನು ನೋಡಬೇಕೆಂದದ್ದನ್ನು ನೋಡಿಯಾಗಿತ್ತು.

ಮುಖ ತೊಳೆದೆ. ‘ನಾನು ನೋಡಿದ್ದು ಅವರಿಗೆ ಹೇಳ್ಬೇಡ ಕಣಮ್ಮ,’ ಎಂದೆ. ಅವಳು ತಲೆಯಾಡಿಸಿದಳು. ಗೋಡೆ ಹಿಡಿದು ಹಿಡಿದು ಹೊರಗೆ ಬಂದು ಕುರ್ಚಿಯಲ್ಲಿ ಕೂತೆ.

ನನ್ನನ್ನು ಕಂಡ ಕೂಡಲೇ ಇವರು ಗಾಳದ ಕೋಲನ್ನು ಸಿಕ್ಕಿಸಿ, ಏನೂ ಬಾರದವರ ಹಾಗೆ ಹಿಡಿಯನ್ನು ತಡಕಾಡಿದರು. ಡ್ರಮ್ಮು ಹತ್ತಿರ ಬಂತು. ಕೂಗಲು ನನಗೆ ಉಸಿರೆಲ್ಲಿತ್ತು? ಇದ್ದಷ್ಟನ್ನೂ ಒಟ್ಟುಮಾಡಿಕೊಂಡೆ.

‘ಎಡಕ್ಕೆ ರೀ! ನನ್ನ ಎಡ ಅಲ್ಲ, ನಿಮ್ಮ ಎಡ!’

ಅವರು ಬಲಕ್ಕೆ ತಿರುಗಿಸಿ ಕಟ್ಟೆಗೆ ಗುದ್ದಿದರು. ದೋಣಿಯಲ್ಲಿ ಕೂತೇ ನನ್ನ ಕಡೆ ತಿರುಗಿ ನೋಡಿದರು, ಗಾಬರಿಯಾದ ಮುಖ ಮಾಡಿಕೊಂಡು.

‘ಇವತ್ತೂ ಬರ್ಲಿಲ್ಲ ಕಣೇ,’ ಎಂದರು. ‘ಮುಂದಿನ ಭಾನುವಾರ ಮತ್ತೆ ಬರ್ಬೇಕಾಗುತ್ತೆ.’

‘ಬರ್ದೆ ಇನ್ನೇನು?’ ಎಂದೆ. ‘ಎಡ ಯಾವುದು ಅಂತ ಕಲಿಯೋವರೆಗೆ ನಿಮ್ಮನ್ನ ಬಿಟ್ಟು ಎಲ್ಲಿಗೆ ಹೋಗ್ಲಿ ನಾನು?’