ರಂಗೂನಿನವಳ ಸಾಕ್ಷಿ

"ಏಯ್ ಬರ್ಮಾ ಮುಂಡೆ, ಇಳ್ಸೇ ಇಟ್ಟಿಗೆನ! ಈ ದೇಶದ ಅನ್ನದ ಋಣ ತೀರ್ತು ನಿಂದು!"

ತಲೆಯ ಮೇಲೆ ಹನ್ನೆರಡು ಇಟ್ಟಿಗೆ ಹೊತ್ತಿದ್ದ ಪುಷ್ಪಮ್ಮ ನಿಂತಳು. ಕೂಗಿದವನು ಮಲವಗೊಪ್ಪದ ಆಚೆಯ ಆ ಇಟ್ಟಿಗೆ ಗೂಡಿನ ಸಾವ್ಕಾರ ಉಜ್ಜನಪ್ಪ. ಅವನು ಜೀಪಿನಿಂದ ಇಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಪೊಲೀಸಿನವನು ಇಳಿದು ಬಂದು ಅವಳ ಕೈಗೆ ಟೈಪು ಮಾಡಿದ ಹಾಳೆಯೊಂದನ್ನು ತುರುಕಿದ. ಅವಳಿಗೆ ಓದಲು ಬಾರದು ಎಂದು ಗೊತ್ತಿದ್ದು ಅವನೇ ಹೇಳಿದ:

"ನೀನಿಲ್ಲಿ ಇರೋ ಪರವಾನಗಿ ರದ್ದು. ಹದಿನೈದು ದಿನದಾಗೆ ದೇಶ ಬಿಡ್ಬೇಕು."

"ನನ್ನ ಮಗು?"

"ಮಗು ಹೆಸ್ರು ಅಪ್ಪನ ಕಾಗದದಾಗೈತೆ. ಅದು ಇಲ್ಲಿದು. ನೀನೊಬ್ಳೇ ಹೋಗೋದು."

ಭದ್ರಾವತಿಯ ಗೋವಿಂದಯ್ಯ ರಂಗೂನಿನ ಬಂದರಿನಲ್ಲಿ ಮೂಟೆ ಹೊರುತ್ತಿದ್ದಾಗ ಮಾ ಖಿನ್ ಎಂಬ ಹುಡುಗಿಯನ್ನು ಅಲ್ಲಿಯ ಒಂದು ಅಮ್ಮನ ಗುಡಿಯಲ್ಲಿ ಮದುವೆಯಾಗಿ, ಪುಷ್ಪಮ್ಮ ಎಂದು ಹೆಸರಿಟ್ಟಿದ್ದ. ಎರಡು ವರ್ಷದ ಹಿಂದೆ, ಅರವತ್ತನಾಲ್ಕರಲ್ಲಿ, ಇಂಡಿಯಾದವರು ಅಲ್ಲಿಂದ ಹೊರಡಬೇಕಾಗಿ ಬಂದಾಗ ಎಳೆಗೂಸನ್ನು ಎತ್ತಿಕೊಂಡು ಇಬ್ಬರೂ ಹಡಗು ಹತ್ತಿದರು. ಊರಿಗೆ ಬಂದ ಆರು ತಿಂಗಳಿಗೆ ಗೋವಿಂದಯ್ಯ ಕಾಮಾಲೆಯಲ್ಲಿ ತೀರಿಹೋದ. ಅವಳು ಇಟ್ಟಿಗೆ ಹೊರಲು ಬಂದಳು. ಕನ್ನಡ ಕಲಿತದ್ದು, ಬೈಗುಳ ಕಲಿತದ್ದು, ಎಲ್ಲ ಇಲ್ಲೇ.

ಪರವಾನಗಿ ಯಾಕೆ ರದ್ದಾಯಿತೆಂದು ಗೂಡಿನ ಹೆಂಗಸರಿಗೆಲ್ಲ ಗೊತ್ತಿತ್ತು. ಹೋದ ತಿಂಗಳು ಒಂದು ದಿನ, ಸುಟ್ಟ ಗೂಡು ಇನ್ನೂ ಆರಿರಲಿಲ್ಲ, ಪಕ್ಕದ ಗೋಡೆ ಬಿರುಕು ಬಿಟ್ಟಿತ್ತು. ಇಟ್ಟಿಗೆ ತೆಗೆಯಲು ಹೆಂಗಸರು ಒಳಗೆ ಹೋಗಲು ಒಪ್ಪದಿದ್ದಾಗ ಉಜ್ಜನಪ್ಪ ದೊಣ್ಣೆ ಹಿಡಿದು ನಿಂತು ನುಗ್ಗಿಸಿದ. ಗೋಡೆ ಅವರಲ್ಲೊಬ್ಬಳಾದ ಕಾಶಮ್ಮನ ಮೇಲೆ ಕುಸಿಯಿತು. ಬಿಸಿ ಇಟ್ಟಿಗೆ ಸರಿಸಿ ಹೆಣ ತೆಗೆಯುವಷ್ಟರಲ್ಲಿ ಪುಷ್ಪಮ್ಮನ ಹತ್ತೂ ಬೆರಳು ಬೊಬ್ಬೆ ಎದ್ದಿದ್ದವು. ವಿಚಾರಣೆಗೆ ತಹಸೀಲ್ದಾರರು ಬಂದಾಗ ಉಳಿದ ಹದಿಮೂರು ಹೆಂಗಸರೂ ನಾವು ನೋಡಲಿಲ್ಲ ಎಂದರು. ಕಾಶಮ್ಮನ ಸ್ವಂತ ಓರಗಿತ್ತಿ ಕರಿಬಸಮ್ಮ ಕೂಡ ಹಾಗೇ ಅಂದಳು. ಕಂಡದ್ದನ್ನು ಹೇಳಿದವಳು ಪುಷ್ಪಮ್ಮ ಒಬ್ಬಳೇ.

ಪರವಾನಗಿಯ ವಿಷಯ ಕೇಳಲು ಶಿವಮೊಗ್ಗದ ಕಚೇರಿಗೆ ಹೊರಟಾಗ ಕರಿಬಸಮ್ಮನೂ ಜೊತೆಗೆ ಹೋದಳು. ಯಾಕೆ ಬಂದೆ ಎಂದು ಪುಷ್ಪಮ್ಮ ಕೇಳಲಿಲ್ಲ. ಗುಮಾಸ್ತ ಉಮಾಮಹೇಶ್ವರ ಫೈಲಿನಿಂದ ತಲೆ ಎತ್ತದೆ ಮಾತಾಡಿದ.

"ನೀನು ಗೋವಿಂದಯ್ಯನ ಹೆಂಡ್ತಿನೇ ಅಲ್ಲ ಅಂತ ದೂರು ಬಂದಿದೆ. ಮದುವೆಗೆ ಪುರಾವೆ ಏನಿದೆ?"

"ಗುಡೀಲಿ ಆಗಿದ್ದು, ಸ್ವಾಮಿ."

"ಯಾವ ಗುಡಿನೋ, ಯಾವ ಪೂಜಾರಿನೋ! ಕುತ್ತಿಗೇಲಿ ತಾಳೀನಾದ್ರೂ ಇದೆಯಾ? ಸೆರಗು ಸರಿಸಿ ತೋರ್ಸು."

ಕಾದು ನಿಂತಿದ್ದ ಗಂಡಸರು ಇತ್ತ ತಿರುಗಿದರು. ಒಬ್ಬ ನಕ್ಕ.

"ತಾಳಿ ಕಿತ್ಕೊಂಡಿದ್ದು ನಿಮ್ ಜನಾನೇ," ಎಂದಳು ಪುಷ್ಪಮ್ಮ. "ಗಂಡ ಸತ್ತ ದಿನ ಬಳೆ ಒಡೆದ್ರು, ತಾಳಿ ತೆಗೆದ್ರು. ಅವತ್ತು ನಾನು ಹೆಂಡ್ತಿ. ಇವತ್ತು ಅಲ್ವಾ?"

ಉಮಾಮಹೇಶ್ವರ ತಲೆ ಎತ್ತಿದ. "ಬಾಯಿ ಜೋರು ಮಾಡ್ಬೇಡ. ಗುರುವಾರ ಸಾಹೇಬರ ಮುಂದೆ ಹೇಳ್ಕೋ. ಜಮೀನು ಇರೋ ಮರ್ಯಾದಸ್ಥರು ಯಾರಾದ್ರೂ ಜಾಮೀನು ನಿಂತ್ರೆ ನೋಡ್ತಾರೆ."

ಬುಧವಾರ ಸಂಜೆ ಅಂಥ ಮರ್ಯಾದಸ್ಥನೇ ಗುಡಿಸಲ ಮುಂದೆ ಬಂದು ನಿಂತ.

"ನೋಡು ತಂಗಿ," ಉಜ್ಜನಪ್ಪನ ದನಿ ಮೆತ್ತಗಾಗಿತ್ತು. "ಗೋಡೆ ತಾನಾಗೇ ಬಿತ್ತು ಅಂತ ಒಂದು ಹೆಬ್ಬೆಟ್ಟು ಒತ್ಬಿಡು. ನಾಳೆ ನಾನೇ ಜಾಮೀನು ನಿಲ್ತೀನಿ. ಕೂಸು ನಿನ್ನ ಮಡ್ಲಾಗೇ ಇರ್ತೈತೆ. ಇಲ್ಲಾ ಅಂದ್ರೆ ಅನಾಥಾಶ್ರಮದೋರು ಬಂದು ಎತ್ಕೊಂಡು ಹೋಗ್ತಾರೆ."

ಮಗು ಮಣ್ಣಿನಲ್ಲಿ ಆಡುತ್ತಿತ್ತು. ಪುಷ್ಪಮ್ಮ ಅದನ್ನೇ ನೋಡುತ್ತ ನಿಂತಳು. ಪಕ್ಕದ ಗುಡಿಸಲ ಬಾಗಿಲಲ್ಲಿ ಕರಿಬಸಮ್ಮ ನಿಂತು ಕೇಳುತ್ತಿದ್ದಳು.

ಗುರುವಾರ ಉಜ್ಜನಪ್ಪ ಹೇಳಿಕೆಯನ್ನು ಟೈಪು ಮಾಡಿಸಿಯೇ ತಂದಿದ್ದ. ಸಾಹೇಬರ ಎದುರಿನ ಕುರ್ಚಿಯಲ್ಲಿ ಕೂತು ಅದನ್ನೂ ಶಾಯಿಯ ಪ್ಯಾಡನ್ನೂ ಮುಂದಕ್ಕೆ ತಳ್ಳಿದ. ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದ ಪುಷ್ಪಮ್ಮ ಪ್ಯಾಡನ್ನು ಹಿಂದಕ್ಕೆ ಸರಿಸಿದಳು.

"ಒತ್ತಲ್ಲ," ಎಂದಳು. "ಇವನೇ ದೊಣ್ಣೆ ಹಿಡ್ದು ಒಳಗೆ ನುಗ್ಸಿದ್ದು. ಕಾಶಮ್ಮನ್ನ ಕೊಂದಿದ್ದು ಇವ್ನೇ."

"ಸುಳ್ಳು ಬೊಗಳ್ತಾಳೆ ಸಾರ್! ಎಲ್ಲಿಂದಲೋ ಬಂದ ಸೂಳೆ!"

"ಯಾವನ್ಲಾ ಸೂಳೆ ಅನ್ನೋನು?"

ಬಾಗಿಲಲ್ಲಿದ್ದ ಕರಿಬಸಮ್ಮ ಜವಾನನ ಕೈ ಕೊಡವಿ ಒಳಗೆ ಬಂದಳು. "ಬರ್ಕಳಿ ಸ್ವಾಮಿ. ನಾನೂ ನೋಡಿದೀನಿ. ಸತ್ತೋಳು ನನ್ನ ಓರಗಿತ್ತಿ. ಅವತ್ತು ಹೆದರ್ಕಂಡು ಸುಳ್ಳು ಹೇಳ್ದೆ."

ಸಾಹೇಬರು ಸಿಡುಕಿದರು. "ನೀನ್ಯಾರು? ನಿನ್ನ ಕಾಗದ ಎಲ್ಲಿ?"

"ನಂಗೆ ಯಾವ ಕಾಗದನೂ ಇಲ್ಲ ಬುದ್ಧಿ. ಹುಟ್ಟಿದ್ದಕ್ಕಿಲ್ಲ, ಲಗ್ನಕ್ಕಿಲ್ಲ. ಹುಟ್ಟಿದ್ದು ಮಾತ್ರ ಇಲ್ಲೇ, ಮಲವಗೊಪ್ಪದಾಗೆ. ನಂದೇನು ರದ್ದು ಮಾಡ್ತೀರ? ನನ್ನ ಯಾವ ದೇಶಕ್ಕೆ ಕಳಿಸ್ತೀರ?"

ಉಮಾಮಹೇಶ್ವರ ಸಾಹೇಬರ ಮುಖ ನೋಡಿದ. ಸಾಹೇಬರು ಉಜ್ಜನಪ್ಪನ ಮುಖ ನೋಡಿ, ಆಮೇಲೆ ಕಿಟಕಿಯ ಕಡೆ ತಿರುಗಿ, "ಬರ್ಕೊಳ್ರಿ" ಎಂದರು. ಕಾಶಮ್ಮನ ಸಾವಿನ ವಿಚಾರಣೆ ಮುಗಿಯುವವರೆಗೆ ಸಾಕ್ಷಿಯನ್ನು ದೇಶ ಬಿಡಿಸುವಂತಿಲ್ಲ, ರದ್ದಿನ ಆಜ್ಞೆಗೆ ಅಲ್ಲಿಯವರೆಗೆ ತಡೆ. ಅಷ್ಟೇ. ಆಮೇಲೆ ಏನು ಎಂದು ಅವರು ಹೇಳಲಿಲ್ಲ.

ಮೆಟ್ಟಿಲ ಬಳಿ ಉಜ್ಜನಪ್ಪ ಕರಿಬಸಮ್ಮನಿಗೆ ಅಡ್ಡ ಬಂದ. "ವಿಚಾರಣೆ ಇವತ್ತಲ್ಲ ನಾಳೆ ಮುಗೀತೈತೆ. ಆಮೇಲೆ ಅವ್ಳು ಹಡಗಿಗೆ, ನೀನು ಬೀದಿಗೆ."

ಕರಿಬಸಮ್ಮ ಅವನ ಜೋಡಿನ ಪಕ್ಕಕ್ಕೆ ಎಲೆಯಡಿಕೆ ಉಗಿದು ಮೆಟ್ಟಿಲಿಳಿದಳು.

ಮರುದಿನ ಬೆಳಿಗ್ಗೆ ಗೂಡಿನ ಮುಂದೆ ಮೇಸ್ತ್ರಿ ಹೆಸರು ಕೂಗಿದ. ಅವರಿಬ್ಬರ ಹೆಸರು ಕೂಗಲಿಲ್ಲ. ಇಬ್ಬರೂ ಮನೆಗೆ ಹೋಗಲಿಲ್ಲ, ಅಲ್ಲೇ ನಿಂತರು.

"ಉಳಿದೋರು ಒಳಗೆ ನಡೀರಿ, ಲಾರಿ ಬಂದೈತೆ!"

ಹನ್ನೆರಡು ಹೆಂಗಸರಲ್ಲಿ ಒಬ್ಬಳೂ ಕದಲಲಿಲ್ಲ. ಹೊಸದಾಗಿ ಸುಟ್ಟ ಗೂಡಿನ ಬಾಯಿಂದ ಇನ್ನೂ ಕಾವು ಹೊಡೆಯುತ್ತಿತ್ತು.

"ಕಿವಿ ಕೇಳಲ್ವೇನ್ರೇ?"

ಎಲ್ಲರಿಗಿಂತ ಹಿರಿಯಳಾದ ಬಂಗಾರಮ್ಮ ತಲೆಯ ಸಿಂಬಿ ತೆಗೆದು ಅವನ ಕಾಲ ಬುಡಕ್ಕೆ ಎಸೆದಳು.

"ಮೊದ್ಲು ನಿನ್ನ ಸಾವ್ಕಾರ್ನ ಕಳ್ಸೋ ಒಳಗೆ."